ದಪ್ಪ ಕೈಗೆ ಪಫ್ ತೋಳು ಬೇಡ ಅಂದವರಿಗೆ

ಹಾಸನಾಂಬೆ ದರ್ಶನಕ್ಕೆ ಕ್ಯೂನಲ್ಲಿ ನಿಂತ ಫೋಟೊ ಹಾಕಿದರೆ, ಅರ್ಧ ಜನ ದೇವಿಯನ್ನು ಬಿಟ್ಟು ನನ್ನ ಬ್ಲೌಸ್ ಎಲ್ಲಿ ಹೊಲಿಸಿದ್ದು ಅಂತ ಕೇಳಿದ್ದೀರಿ. ಎಲ್ಲೂ ಹೊಲಿಸಿಲ್ಲ, ನಾನೇ ಹೊಲಿದಿದ್ದು. ಮೊದಲು ಹೊಲಿಸೋಕೆ ಹೋಗಿದ್ದೆ ಅನ್ನೋದೂ ನಿಜ.

ನನ್ನ ಎದೆ ಸುತ್ತಳತೆ 46 ಇಂಚು, ತೋಳಿನ ಸುತ್ತು 17. ಬೇಕಿದ್ದದ್ದು ಅಮ್ಮನ ಮದುವೆ ಆಲ್ಬಮ್ಮಿನಲ್ಲಿ ಇರುವಂಥ ಬ್ಲೌಸ್. ಕುತ್ತಿಗೆಗೆ ಹತ್ತಿರದ ಬೋಟ್ ನೆಕ್, ಸಣ್ಣ ಪಫ್, ತೋಳಿನ ಕೊನೆಗೆ ತೆಳು ಪಟ್ಟಿ. ಟೈಲರ್ ಫೋಟೊ ನೋಡಿದರು, ನನ್ನನ್ನೂ ನೋಡಿದರು. "ಅಕ್ಕಾ, ದಪ್ಪ ಇರೋರಿಗೆ ಪಫ್ ಚೆನ್ನಾಗಿ ಕಾಣಲ್ಲ, ಪ್ಲೇನ್ ತೋಳೇ ಇಟ್ಬಿಡ್ತೀನಿ" ಅಂದರು. ಇಟ್ಟೂಬಿಟ್ಟರು. ಕಂಕುಳಲ್ಲಿ ಬಿಗಿ, ಭುಜದಲ್ಲಿ ಜಾರು! ಒಂದೇ ಬ್ಲೌಸ್ ಬಿಗಿಯೂ ಸಡಿಲವೂ ಹೇಗಾಗುತ್ತೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ.

ಆಮೇಲೆ ಗೊತ್ತಾಯಿತು. ಎದೆಯ ಅಳತೆ ಹಿಡಿದು ಅದರಿಂದಲೇ ಭುಜ, ಕುತ್ತಿಗೆ ಎಲ್ಲದರ ಲೆಕ್ಕ ಹಾಕಿಬಿಡುತ್ತಾರೆ. ಎದೆ ದಪ್ಪ ಆದರೆ ಭುಜದ ಮೂಳೆ ಬೆಳೆಯುತ್ತಾ? ಅದಕ್ಕೇ ಕಂಕುಳಿನ ಕೆಳಗಿಂದ, ಎದೆಯ ಮೇಲ್ಭಾಗಕ್ಕೆ ಟೇಪ್ ಸುತ್ತಿ ಇನ್ನೊಂದು ಅಳತೆ ತೆಗೆದೆ. 41 ಬಂತು. ಭುಜ, ಕುತ್ತಿಗೆ, ಬೆನ್ನು ಎಲ್ಲ 41ರ ಲೆಕ್ಕದಲ್ಲೇ ಬಿಡಿಸಿದೆ. ಉಳಿದ 5 ಇಂಚು ಮುಂಭಾಗಕ್ಕೆ ಮಾತ್ರ, ಒಂದೊಂದು ಕಡೆಗೆ ಎರಡೂವರೆ. ಹಳೇ ಪೇಪರಿನಲ್ಲಿ ಬಿಡಿಸಿದ ಮುಂಭಾಗವನ್ನು ಕೆಳಗಿನ ಟಕ್ಸಿನ (ಎದೆಯ ಉಬ್ಬಿಗೆ ಅಂತ ಬಟ್ಟೆ ಮಡಿಸಿ ಹೊಲಿಯುವ ಮಡಿಕೆ) ಮಧ್ಯದಿಂದ ಎದೆಯ ತುದಿಗೆ, ಅಲ್ಲಿಂದ ಕಂಕುಳಿಗೆ ಕತ್ತರಿಸಿ, ಕಂಕುಳ ಹತ್ತಿರ ಒಂದು ಚೂರು ಅಂಟಿಕೊಂಡಿರಲು ಬಿಟ್ಟು, ಪಕ್ಕದ ಟಕ್ಸಿನ ಗೆರೆಯನ್ನೂ ಕತ್ತರಿಸಿ, ಬಾಗಿಲು ತೆಗೆದ ಹಾಗೆ ಎರಡೂವರೆ ಇಂಚು ಸರಿಸಿದೆ. ಖಾಲಿ ಜಾಗಕ್ಕೆ ಬೇರೆ ಪೇಪರ್ ಅಂಟಿಸಿದೆ. ಟಕ್ಸ್ ತಾನಾಗೇ ಅಗಲವಾಯಿತು. ಅಷ್ಟನ್ನೂ ಒಂದೇ ಟಕ್ಸಿನಲ್ಲಿ ಹಿಡಿದರೆ ತುದಿ ಗೋಪುರದ ಥರ ಚೂಪಾಗಿ ನಿಲ್ಲುತ್ತೆ (ನಿಂತಿತ್ತು, ಮನೆಯವರು ಅಡುಗೆಮನೆಗೆ ಹೋಗಿ ನಕ್ಕರು). ಮೂರು ಟಕ್ಸಿಗೆ ಹಂಚಿದ ಮೇಲೆ ಸರಿಹೋಯಿತು.

ಹಳೇ ಕಾಲದ ಫ್ರಾಕ್ ಹೊಲಿಯುವ ವಿದೇಶದ ದಪ್ಪ ಹೆಂಗಸರದ್ದೂ ಇದೇ ಗೋಳು. ಅಮೆರಿಕದ ಬಟರಿಕ್ ಅನ್ನೋ ಟೈಲರ್ 1863ರಲ್ಲೇ ಕಾಗದದ ಪ್ಯಾಟರ್ನ್, ಅಂದರೆ ಬಟ್ಟೆ ಮೇಲಿಟ್ಟು ಕತ್ತರಿಸುವ ಅಚ್ಚು, ಮಾರಲು ಶುರು ಮಾಡಿದ. ಆದರೆ 1950ರ ದಶಕದಲ್ಲೂ ಸಾಮಾನ್ಯವಾಗಿ ಒಂದು ಲಕೋಟೆಗೆ ಒಂದೇ ಅಳತೆ. ಇಷ್ಟಪಟ್ಟ ಹಳೇ ಫ್ರಾಕಿನ ಪ್ಯಾಟರ್ನ್ ತಮ್ಮ ಅಳತೆಯಲ್ಲಿ ಸಿಗದಿದ್ದರೆ ಅವರೂ ಹೀಗೇ ಕತ್ತರಿಸಿ, ಅಂಟಿಸಿ ಒದ್ದಾಡಬೇಕು.

ನಮ್ಮ ಅಜ್ಜಿಗೆ ಈ ಕಷ್ಟವೇ ಇರಲಿಲ್ಲ ನೋಡಿ. ಟ್ರಂಕಿನಲ್ಲಿ ಅವರದೊಂದು ಖಣದ ರವಿಕೆ ಇದೆ, ಮುಂದೆ ಗಂಟು ಕಟ್ಟುವಂಥದ್ದು. ಹುಕ್ಸ್ ಇಲ್ಲ. ಐದು ಹೆತ್ತರೂ ಅದೇ ರವಿಕೆ, ಗಂಟು ಮಾತ್ರ ಸ್ವಲ್ಪ ಸಡಿಲ. ಕಂಕುಳಲ್ಲಿ ಅಂಗೈ ಅಗಲದ ಚೌಕದ ತುಂಡು ಇಟ್ಟು ಹೊಲಿದಿದ್ದಾರೆ, ಕೈ ಎತ್ತಿದರೂ ಎಳೆಯದ ಹಾಗೆ. ಆ ತುಂಡನ್ನು ಹಾಗೇ ಕದ್ದೆ. ನನ್ನ ಬ್ಲೌಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ಅದೇ.

ಇನ್ನು ಪಫ್ ವಿಷಯ. ದಪ್ಪ ಕೈಗೆ ಪಫ್‌ನಷ್ಟು ಆರಾಮದ ತೋಳು ಇನ್ನೊಂದಿಲ್ಲ. ಬೇಡ ಅನ್ನುವವರು ಹಾಕಿ ನೋಡಿಲ್ಲ, ಅಷ್ಟೇ. ನೆರಿಗೆ ಭುಜದ ಮೇಲೆ ಮಾತ್ರ ಬರಲಿ. ಪಕ್ಕಕ್ಕೆ ಇಳಿದರೆ ತೋಳು ಇನ್ನೂ ದಪ್ಪ ಕಾಣುತ್ತೆ, ಅದನ್ನು ಒಪ್ಪುತ್ತೇನೆ. ಎಲಾಸ್ಟಿಕ್ ಬೇಡ, ಸಂಜೆಗೆ ಕೈ ಮೇಲೆ ಬರೆ ಬೀಳುತ್ತೆ. ಪಟ್ಟಿಯನ್ನು ಕ್ರಾಸ್, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿ, ಕತ್ತರಿಸಿ 18 ಇಂಚು ಇಟ್ಟೆ, ಕ್ರಾಸ್ ಆದ್ದರಿಂದ ಸ್ವಲ್ಪ ಹಿಗ್ಗುತ್ತೆ. ಸೀರೆ ಜೊತೆ ಬರುವ 80 ಸೆಂಟಿಮೀಟರ್ ಪೀಸಿನಲ್ಲಿ ಇದೆಲ್ಲ ಆಗಲ್ಲ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಒಂದೂಕಾಲು ಮೀಟರ್ ಟೂ ಬೈ ಟೂ ಬ್ಲೌಸ್ ಬಟ್ಟೆ ಬೇರೆಯೇ ತಂದೆ.

ಕ್ಯೂನಲ್ಲಿ ಮೂರು ಗಂಟೆ ನಿಂತು, ತಲೆ ಮೇಲೆ ಕೈ ಎತ್ತಿ ಮುಗಿದೆ. ಒಂದು ಹುಕ್ಸೂ ಬಿಚ್ಚಲಿಲ್ಲ. ಪಕ್ಕದ ಹೊಲಿಗೆಯಲ್ಲಿ ಒಳಗಡೆ ಎರಡೆರಡು ಇಂಚು ಬಟ್ಟೆ ಬಿಟ್ಟಿದ್ದೇನೆ, ನಾಳೆ ಮತ್ತೆ ದಪ್ಪ ಆದರೆ ಬಿಚ್ಚೋಕೆ. ಓವರ್‌ಲಾಕಿಗೆ (ಅಂಚಿನ ದಾರ ಬಿಚ್ಚದ ಹಾಗೆ ಹಾಕುವ ಹೊಲಿಗೆ) ಕೊಟ್ಟಾಗ ಆ ಹುಡುಗ "ಇಷ್ಟೊಂದು ಯಾಕಕ್ಕಾ, ಕತ್ತರಿಸಿಬಿಡ್ಲಾ?" ಅಂತ ಆಗಲೇ ಕತ್ತರಿ ಹಿಡಿದು ನಿಂತಿದ್ದ. ಕೈಯಿಂದ ಕಿತ್ತುಕೊಂಡು ಬಂದೆ.