ತ್ಯಾಂಪಣ್ಣ ಒಳ್ಳೆಯವನಾಗುವುದು ನನಗೆ ಬೇಡ

ಆದಿತ್ಯವಾರ ರಾತ್ರಿ ಒಂಬತ್ತಕ್ಕೆ ನಾವು ಐದು ಜನ ವಿಡಿಯೋ ಕಾಲ್‌ನಲ್ಲಿ ಸೇರುತ್ತೇವೆ. ಇಬ್ಬರು ಬೆಂಗಳೂರಲ್ಲಿ, ಇಬ್ಬರು ಮಂಗಳೂರಲ್ಲಿ, ನಾನು ಕಾಸರಗೋಡಿನ ಬದಿಯಡ್ಕದಲ್ಲಿ. ಆಡುವುದು ಡಂಜನ್ಸ್ ಆಂಡ್ ಡ್ರಾಗನ್ಸ್. ಗೊತ್ತಿಲ್ಲದವರು ತಾಳಮದ್ದಳೆ, ಅಂದರೆ ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ, ಅಂದುಕೊಳ್ಳಿ. ಭಾಗವತರ ಜಾಗದಲ್ಲಿ ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್), ಚೆಂಡೆಯ ಜಾಗದಲ್ಲಿ ಇಪ್ಪತ್ತು ಮುಖದ ದಾಳ. ವೇಷ ಇಲ್ಲ, ಪದ್ಯವೂ ಇಲ್ಲ, ಬರೀ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು. ಈ ಆಟ ಅಮೆರಿಕದಲ್ಲಿ ಅಚ್ಚಾಗಿ ಬಂದದ್ದು 1974ರಲ್ಲಿ. ನಮ್ಮ ಕುಂಬಳೆ ಸೀಮೆಯಲ್ಲಿ ಅದಕ್ಕೆ ಎಷ್ಟೋ ಮೊದಲೇ ಜನ ಪಂಚೆ ಉಟ್ಟು ಕೂತಲ್ಲೇ ವಾಲಿ, ಭೀಷ್ಮ ಆಗುತ್ತಿದ್ದರು. ವ್ಯತ್ಯಾಸ ಇಷ್ಟೇ. ಅಲ್ಲಿ ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಡಿಎಂಗೂ ಗೊತ್ತಿರುವುದಿಲ್ಲ.

ಈ ಸಲ ನನ್ನ ಪಾತ್ರ ತ್ಯಾಂಪಣ್ಣ. ವಯಸ್ಸು 61, ಫೈಟರ್, ಅಂದರೆ ಕತ್ತಿ ಹಿಡಿಯುವ ಯೋಧ. ಬೇಕಲದಂಥ ಒಂದು ಕಡಲ ಕೋಟೆಯಲ್ಲಿ ಕಾವಲಿದ್ದವನು, ಈಗ ಎಲ್ಲದರ ಮೇಲೂ ರೋಸಿಹೋಗಿದ್ದಾನೆ. ಇಷ್ಟು ಪ್ರಾಯದವನು ಒಂದನೇ ಲೆವೆಲ್‌ನಲ್ಲಿ ಯಾಕೆ ಅಂತ ಗೆಳೆಯರು ನಕ್ಕರು. ಕೈ ತುಕ್ಕು ಹಿಡಿದಿದೆ ಮಾರಾಯ್ರೇ ಅಂದೆ. ಫೈಟರ್‌ಗೆ ಮೊದಲ ಲೆವೆಲ್‌ನಲ್ಲೇ ಸಿಗುವ ಶಕ್ತಿಯ ಹೆಸರು ಸೆಕೆಂಡ್ ವಿಂಡ್. ಹತ್ತು ಮುಖದ ದಾಳ ಹಾಕಿ ಹೋದ ಉಸಿರನ್ನು ಒಂದಿಷ್ಟು ವಾಪಸ್ ಪಡೆಯಬಹುದು. ಮೊಣಕಾಲು ನೋವಿನ ಮುದುಕನಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕಾ?

ಇಂಥ ಪಾತ್ರ ಬದಲಾಗುವ ದಾರಿಯನ್ನು ಹೆಚ್ಚಿನವರು ಒಂದೇ ಥರ ಹಾಕುತ್ತಾರೆ. ಮುದುಕ ಸಿಡುಕ. ತಂಡದಲ್ಲಿ ಒಂದು ಅನಾಥ ಮಗು. ಮಗುವಿಗೆ ಪೆಟ್ಟಾಗುತ್ತದೆ, ಮುದುಕ ಅಳುತ್ತಾನೆ, ಆಮೇಲೆ ಸಕ್ಕರೆಯಂಥ ಅಜ್ಜನಾಗುತ್ತಾನೆ. ನನಗೆ ಇದು ಸರಿಬರುವುದಿಲ್ಲ. ಅರುವತ್ತು ದಾಟಿದವರು ಹಾಗೆ ಹೊಸಬರಾಗುವುದನ್ನು ನಾನಂತೂ ನೋಡಿಲ್ಲ.

ನಾನು ನೋಡಿದ್ದು ನಮ್ಮ ದೊಡ್ಡಜ್ಜನನ್ನು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಆಗ ಅದು ಬೇಡ ಅಂತ ಮೆರವಣಿಗೆಗೆ ಹೋದ ಹುಡುಗರಲ್ಲಿ ಅವರೂ ಒಬ್ಬರು. 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಹೆಸರು ಮೈಸೂರು ರಾಜ್ಯ) ಅಂತ ಅದರಲ್ಲಿತ್ತು. ಅದು ಕಾಗದದಲ್ಲೇ ಉಳಿಯಿತು. ಅವರು ಕಾದರು, ಕಾದರು, ಒಂದು ದಿನ ಬಿಟ್ಟರು. ನಾನು ಕಾಣುವಾಗ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: 'ಎಲ್ಲ ಅಷ್ಟೇ, ಬಿಡು.' ಸಭೆಗೆ ಕರೆದರೆ ಬರಲಿಲ್ಲ. ಸಹಿ ಕೇಳಿದರೆ ಹಾಕಲಿಲ್ಲ. ಆದರೆ ಯಾರಾದರೂ ಕನ್ನಡದಲ್ಲಿ ಅರ್ಜಿ ಬರೆದು ತಂದರೆ ಕನ್ನಡಕ ಹುಡುಕುತ್ತಿದ್ದರು. 'ಇಲ್ಲಿ ಒತ್ತು ಎಲ್ಲಿ ಹೋಯಿತು? ಇದು ಅರ್ಜಿಯಾ, ಅಂಗಡಿ ಚೀಟಿಯಾ?' ಬೈಯುತ್ತಾ ಪೂರ್ತಿ ತಿದ್ದಿ ಕೊಡುತ್ತಿದ್ದರು. ಆಮೇಲೆ ಪುನಃ, ಎಲ್ಲ ಅಷ್ಟೇ.

ತ್ಯಾಂಪಣ್ಣನನ್ನು ಮಾಡುವಾಗ ನನ್ನ ಕಣ್ಣೆದುರು ಇದ್ದದ್ದು ಆ ಕನ್ನಡಕ. ಹಾಗಾಗಿ ನೋಟ್‌ಬುಕ್‌ನಲ್ಲಿ ಬರೆದದ್ದು ಎರಡೇ ಸಂಗತಿ. ಅವನು ಬಿಟ್ಟದ್ದು ಯಾವ ದಿನ: ಮೂರು ತಿಂಗಳು ಕಾದ ಕೋಟೆಯನ್ನು ಒಡೆಯ ಒಂದು ಓಲೆಯಲ್ಲಿ ಮಾರಿದ ದಿನ. ಬಿಡಲಾಗದೆ ಉಳಿದದ್ದು ಏನು: ಹಗ್ಗದ ಗಂಟು. ತಪ್ಪಾಗಿ ಕಟ್ಟಿದ ಗಂಟು ಕಂಡರೆ ಅವನಿಗೆ ನಿದ್ದೆ ಬರುವುದಿಲ್ಲ. ಮುಂದೆ ಏನಾಗಬೇಕು ಅಂತ ಒಂದು ಸಾಲೂ ಬರೆದಿಲ್ಲ. 'ಜೀವನವೇ ಮೋಸ' ಅಂತ ಸುಮ್ನೆ ರೋಸಿಹೋದ ಪಾತ್ರವನ್ನು ಎಲ್ಲಿಂದ ಎಳೆಯುವುದು ಹೇಳಿ? ಹಿಡಿಯಲು ಒಂದು ಕಿವಿ ಬೇಕಲ್ವಾ.

ಇನ್ನೊಂದು ಪಾಠ ಭೀಷ್ಮನದ್ದು. ಆಯುಧ ಹಿಡಿಯುವುದಿಲ್ಲ ಅಂದಿದ್ದ ಕೃಷ್ಣ ತನ್ನ ಮಾತನ್ನೇ ಮುರಿದು ಚಕ್ರ ಹಿಡಿದು ಬರುತ್ತಾನೆ. ಅನ್ನದ ಋಣಕ್ಕೆ ಕೆಲಸ ಮಾಡುತ್ತಿದ್ದ ಮುದುಕನ ದನಿ ಬದಲಾಗುವುದು ಅಲ್ಲಿ. ಒಳ್ಳೆಯ ಅರ್ಥಧಾರಿ ಇದ್ದರೆ ಆ ಜಾಗದಲ್ಲಿ ಸಭೆ ಕೆಮ್ಮುವುದೂ ಇಲ್ಲ. ಗಮನಿಸಿ, ಕೃಷ್ಣ ಅವನಿಗೆ ಬುದ್ಧಿ ಹೇಳಲಿಲ್ಲ. ತನ್ನದೇ ಏನನ್ನೋ ಕಳೆದುಕೊಂಡ. ಭೀಷ್ಮನೂ ಪಕ್ಷ ಬದಲಿಸಲಿಲ್ಲ, ಮರುದಿನ ಕೌರವರ ಕಡೆಯೇ ನಿಂತ. ಹಾಗಂತ ಅವನು ಮೊದಲಿನ ಭೀಷ್ಮನೇ ಅಂತ ಯಾರು ಹೇಳುತ್ತಾರೆ? ಆದ್ದರಿಂದ ಡಿಎಂಗೆ ಹೇಳಿಟ್ಟಿದ್ದೇನೆ: ತ್ಯಾಂಪಣ್ಣನಿಗೆ ಭಾಷಣ ಮಾಡುವ ಸನ್ಯಾಸಿಗಳನ್ನು ದಯಮಾಡಿ ಕಳಿಸಬೇಡ.

ರೋಸಿಹೋದ ಪಾತ್ರ ಆಡುವವರಿಗೆ ಒಂದು ಚಟ ಇರುತ್ತದೆ, ನನಗೂ ಇತ್ತು. ಯಾವ ಕೆಲಸ ಬಂದರೂ 'ನನಗ್ಯಾಕೆ' ಅನ್ನುವುದು. ಉಳಿದ ನಾಲ್ಕು ಜನ ಅರ್ಧ ಗಂಟೆ ಗೋಗರೆಯಬೇಕು. ಇದು ಪಾತ್ರ ಅಲ್ಲ, ಅಧಿಕಪ್ರಸಂಗ. ಎದುರಿನವನಿಗೆ ಮಾತಿನ ಎಡೆ ಕೊಡದ ಅರ್ಥಧಾರಿಯನ್ನು ನಮ್ಮಲ್ಲಿ ಎರಡನೇ ಸಲ ಕರೆಯುವುದಿಲ್ಲ. ಈಗ ನನ್ನ ನಿಯಮ ಬೇರೆ. ತ್ಯಾಂಪಣ್ಣನ ಬಾಯಿ ಬೇಡ ಅನ್ನಲಿ, ಕಾಲು ಹೋಗಲಿ. ಗೊಣಗುತ್ತಾ ಎಲ್ಲರಿಗಿಂತ ಮೊದಲು ಚೀಲ ಕಟ್ಟುವವನು ಅವನೇ.

ಕಳೆದ ವಾರ ನಮ್ಮ ಮಂತ್ರವಾದಿ ಹುಡುಗಿ (ಆಡುವವನು ಗಡ್ಡದ ಬ್ಯಾಂಕ್ ನೌಕರ) ದೋಣಿಯನ್ನು ಮರಕ್ಕೆ ಕಟ್ಟಿದಳು. ಗಂಟು ತಪ್ಪು. ತ್ಯಾಂಪಣ್ಣ ರಾತ್ರಿ ಎದ್ದು, ಅವಳ ಮೂರು ತಲೆಮಾರಿಗೆ ಬೈದು, ಬಿಚ್ಚಿ ಮತ್ತೆ ಕಟ್ಟಿದ. ಅವಳು ಎಚ್ಚರ ಇದ್ದಳು. 'ಅಜ್ಜಾ, ನನಗೂ ಕಲಿಸುತ್ತೀರಾ?'

ನಾನು ಮೈಕ್ ಆನ್ ಮಾಡುವಷ್ಟರಲ್ಲಿ ಇಲ್ಲಿ ಕರೆಂಟ್ ಹೋಯಿತು. ವಾಪಸ್ ಬರುವಾಗ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಡಿಎಂ ದೋಣಿಯನ್ನು ಆಚೆ ದಡಕ್ಕೆ ಮುಟ್ಟಿಸಿ ಆಗಿತ್ತು. ಅವಳಿಗೆ ಉತ್ತರ ಬಾಕಿ ಇದೆ. ತ್ಯಾಂಪಣ್ಣ ಅದನ್ನು ಮರೆತವನ ಹಾಗೆ ಹುಟ್ಟು ಒರೆಸುತ್ತಾ ಕೂತಿದ್ದಾನೆ.