ವ್ಯಾಟ್ ಕೇಳುವ ಮೊದಲು ಫೆನ್ಸ್ ಅಲುಗಾಡಿಸಿ ನೋಡಿ

ಮನೆಯಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವರು ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡು ಬ್ಲೇಡ್ ಮೇಲೆದ್ದು ತಿರುಗುವ ಗರಗಸ) ಕೊಳ್ಳಲು ಹೋದಾಗ ಮೊದಲು ಕೇಳುವುದು "ಎಷ್ಟು ವ್ಯಾಟ್?" ಅಂತ. ಅಂಗಡಿಯವರಿಗೂ ಅದೇ ಸಲೀಸು, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆದರೆ 10 ಇಂಚಿನ ಬ್ಲೇಡಿನ, ಇಬ್ಬರು ಎತ್ತಿಡಬಹುದಾದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಮಕಿತಾ ಎಂಎಲ್‌ಟಿ 100 ಎನ್ನುವುದು 1500 ವ್ಯಾಟ್, ಬಾಷ್ ಜಿಟಿಎಸ್ 254 ಮತ್ತು ಜಿಟಿಎಸ್ 10 ಜೆ 1800, ಡಿವಾಲ್ಟ್ ಡಿಡಬ್ಲ್ಯುಇ 7492 ಆದರೆ 2000. ಹರಿತವಾದ ಬ್ಲೇಡ್ ಹಾಕಿದರೆ ಒಂದೂವರೆ ಇಂಚಿನ ತೇಗದ ಹಲಗೆಯನ್ನು ನಾಲ್ಕೂ ಸೀಳುತ್ತವೆ. ಮೊಂಡು ಬ್ಲೇಡ್ ಹಾಕಿದರೆ ನಾಲ್ಕೂ ಒದ್ದಾಡುತ್ತವೆ. ನನ್ನ ಮಟ್ಟಿಗೆ ವ್ಯಾಟ್ ಎನ್ನುವುದು ಐದನೆಯದೋ ಆರನೆಯದೋ ಪ್ರಶ್ನೆ. ಮೊದಲನೆಯದು ಫೆನ್ಸ್, ಅಂದರೆ ಹಲಗೆಯನ್ನು ಆನಿಸಿ ನೂಕುವ ಪಟ್ಟಿ. ಎರಡನೆಯದು ರೈವಿಂಗ್ ನೈಫ್, ಅಂದರೆ ಬ್ಲೇಡಿನ ಹಿಂದೆ ನಿಲ್ಲುವ ತಗಡು. ಮೂರನೆಯದು ಸ್ವಿಚ್.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ ಕೆಲಸವೆಲ್ಲ ಪ್ಲೈವುಡ್‌ನಲ್ಲೇ ಆದರೆ, ಅಂದರೆ ವಾರ್ಡ್‌ರೋಬ್, ಟಿವಿ ಯೂನಿಟ್, ಕಿಚನ್ ಬಾಕ್ಸ್ ಇಂಥವೇ ಆದರೆ, ಟೇಬಲ್ ಸಾ ನಿಮ್ಮ ಮೊದಲ ಯಂತ್ರ ಆಗಬಾರದು. 8×4 ಅಡಿಯ 18 ಮಿ.ಮೀ. ಶೀಟ್ 30–35 ಕೆ.ಜಿ. ತೂಗುತ್ತದೆ. ಈ ಸಣ್ಣ ಯಂತ್ರಗಳ ಮೇಜು ಎರಡು, ಎರಡೂವರೆ ಅಡಿ. ಅದರ ಮೇಲೆ ಅಷ್ಟು ದೊಡ್ಡ ಶೀಟನ್ನು ಒಬ್ಬರೇ ನೂಕಿದರೆ ಹಿಂದಿನ ತುದಿ ಜೋತು ಬೀಳುತ್ತದೆ, ಫೆನ್ಸಿನಿಂದ ಅರ್ಧ ಇಂಚು ಆಚೆ ಸರಿಯುತ್ತದೆ, ಕೊಯ್ತ ಸೊಟ್ಟಗಾಗುತ್ತದೆ. ಶೀಟನ್ನು ನೆಲದ ಮೇಲೆ ಥರ್ಮಾಕೋಲ್ ಹಾಸಿ ಮಲಗಿಸಿ, ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲಾಂಪ್ ಮಾಡಿ, ಕೈ ಸರ್ಕ್ಯುಲರ್ ಸಾ ಓಡಿಸಿ ತುಂಡು ಮಾಡಿಕೊಳ್ಳುವುದೇ ಜಾಣತನ. ಟೇಬಲ್ ಸಾ ಗೆಲ್ಲುವುದು ಬೇರೆ ಕಡೆ: ಗಟ್ಟಿಮರವನ್ನು ಉದ್ದಕ್ಕೆ ಸೀಳುವಾಗ, ಒಂದೇ ಅಗಲದ ಇಪ್ಪತ್ತು ರೀಪು ಬೇಕಾದಾಗ, ಡ್ರಾಯರ್ ಪಕ್ಕಗಳಿಗೆ ಗಾಡಿ (ಉದ್ದನೆಯ ಸಣ್ಣ ಕಾಲುವೆ) ಹೊಡೆಯುವಾಗ.

ಈಗ ಫೆನ್ಸ್. ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲುವ, ಹಲಗೆಯನ್ನು ಆನಿಸಿ ನೂಕುವ ಗೋಡೆ ಅದು. ಕೊಯ್ತದ ಅಗಲ ನಿರ್ಧರಿಸುವುದೂ ಅದೇ, ನಿಮ್ಮ ಹೊಟ್ಟೆಗೆ ಹಲಗೆ ಬಂದು ಬಡಿಯುವುದೋ ಇಲ್ಲವೋ ಅನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಅದೇ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ 6 ಇಂಚಿನ ಸ್ಟೀಲ್ ಸ್ಕೇಲ್ ಇರಲಿ. ಪ್ಲಗ್ ಕಿತ್ತಿಟ್ಟು, ಬ್ಲೇಡನ್ನು ಪೂರ್ತಿ ಮೇಲೆತ್ತಿ, ಫೆನ್ಸನ್ನು 100 ಮಿ.ಮೀ.ಗೆ ತಂದು ಲಾಕ್ ಮಾಡಿ. ಬ್ಲೇಡಿನ ಮುಂದಿನ ಹಲ್ಲಿನಿಂದ ಫೆನ್ಸಿಗೆ ಎಷ್ಟು, ಹಿಂದಿನ ಹಲ್ಲಿನಿಂದ ಎಷ್ಟು ಅಂತ ಅಳೆಯಿರಿ. ಲಾಕ್ ಬಿಚ್ಚಿ, ದೂರ ಸರಿಸಿ, ಮತ್ತೆ ಅದೇ 100ಕ್ಕೆ ತನ್ನಿ, ಅಳೆಯಿರಿ. ಹೀಗೆ ಐದು ಸಲ. ಮೊದಲ ಸಲವೇ ಅರ್ಧ ಮಿ.ಮೀ. ವ್ಯತ್ಯಾಸ ಬಂದರೆ ಗಾಬರಿ ಬೇಡ, ಅದನ್ನು ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಒಂದು ಸಲ ಹಿಂದೆ ಕಡಿಮೆ, ಇನ್ನೊಂದು ಸಲ ಹಿಂದೆ ಜಾಸ್ತಿ ಅಂತ ಪ್ರತಿ ಸಲವೂ ಬೇರೆ ಬೇರೆ ಬಂದರೆ ಆ ಯಂತ್ರ ಬಿಡಿ. ಅದನ್ನು ಯಾವ ಸ್ಕ್ರೂನೂ ಸರಿಮಾಡುವುದಿಲ್ಲ. ಕೊನೆಗೆ ಲಾಕ್ ಮಾಡಿದ ಫೆನ್ಸಿನ ಹಿಂತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಕಣ್ಣಿಗೆ ಕಾಣುವಷ್ಟು ಬಾಗಿದರೆ, ಮೂರಡಿ ಹಲಗೆ ಒತ್ತಿದಾಗಲೂ ಅಷ್ಟೇ ಬಾಗುತ್ತದೆ.

ಡಿವಾಲ್ಟ್ 7492ರ ಫೆನ್ಸ್ ಹಲ್ಲುಪಟ್ಟಿಯ ಮೇಲೆ ಓಡುತ್ತದೆ. ಮುಂದಿರುವ ಗುಬುಟು ತಿರುಗಿಸಿದರೆ ಮುಂದಿನ ತುದಿ, ಹಿಂದಿನ ತುದಿ ಎರಡೂ ಜೊತೆಯಲ್ಲೇ ಸರಿಯುತ್ತವೆ. ಈ ವರ್ಗದಲ್ಲಿ ನನಗೆ ಮೆಚ್ಚಿಗೆಯಾಗುವ ಏರ್ಪಾಡು ಇದು. ಕೈಯಿಂದ ಸರಿಸಿ ಲಾಕ್ ಮಾಡುವ ಫೆನ್ಸುಗಳೂ ಕೆಟ್ಟವಲ್ಲ, ಆದರೆ ಲಾಕ್ ಮಾಡುವ ಮುನ್ನ ಮುಂಭಾಗವನ್ನು ಹಳಿಗೆ ಒತ್ತಿ ಹಿಡಿಯುವ ಅಭ್ಯಾಸ ಬೇಕು.

ಫೆನ್ಸಿನ ಹಿಂಭಾಗ ಬ್ಲೇಡಿನ ಕಡೆ ವಾಲಿದರೆ ಏನಾಗುತ್ತದೆ? ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಕೆಳಕ್ಕೆ, ಮೇಜಿನ ಕಡೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಹಲಗೆ ಫೆನ್ಸಿಗೂ ಹಿಂದಿನ ಹಲ್ಲಿಗೂ ನಡುವೆ ಸಿಕ್ಕಿಕೊಂಡರೆ ಮೊದಲು ಅಂಚು ಸುಟ್ಟು ಕಂದಾಗುತ್ತದೆ. ಇನ್ನೂ ಬಿಗಿಯಾದರೆ ಆ ಏಳುವ ಹಲ್ಲುಗಳು ಹಲಗೆಯನ್ನು ಎತ್ತಿ ನಿಮ್ಮತ್ತ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. 254 ಮಿ.ಮೀ. ಬ್ಲೇಡ್ ನಿಮಿಷಕ್ಕೆ 4300 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ 57 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚು. ಹಾಗಾಗಿ ಕೊಯ್ಯುವಾಗ ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು.

ಇದನ್ನು ತಡೆಯುವ ತಗಡೇ ರೈವಿಂಗ್ ನೈಫ್. ಬ್ಲೇಡಿನ ಹಿಂದೆ ಕೆಲವೇ ಮಿ.ಮೀ. ದೂರದಲ್ಲಿ ನಿಂತು, ಸೀಳಿದ ಬಿರುಕು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಬ್ಲೇಡ್ ಏರಿದರೆ ತಾನೂ ಏರುತ್ತದೆ, ವಾಲಿದರೆ ತಾನೂ ವಾಲುತ್ತದೆ. ನಮ್ಮ ಮರಗಳಿಗಂತೂ ಇದು ಬೇಕೇ ಬೇಕು. ಕಾಫಿ ತೋಟದ ಸಿಲ್ವರ್ ಓಕ್ ಆಗಲಿ, ಹಿತ್ತಲಿನ ಹಲಸಾಗಲಿ, ಅಕೇಶಿಯಾ ಆಗಲಿ, ಸಾಮಿಲ್‌ನಿಂದ ಅರೆಹಸಿಯಾಗಿಯೇ ಬರುವುದು ಹೆಚ್ಚು. ಒಳಗೆ ಬಿಗಿತ ಇಟ್ಟುಕೊಂಡ ಇಂಥ ಹಲಗೆ ಸೀಳುತ್ತಿದ್ದಂತೆ ಕತ್ತರಿಯ ಹಾಗೆ ಹಿಂದಿನಿಂದ ಮುಚ್ಚಿಕೊಂಡು ಬರುತ್ತದೆ. ಫೆನ್ಸ್ ಎಷ್ಟೇ ನೆಟ್ಟಗಿದ್ದರೂ ಬ್ಲೇಡನ್ನು ಕಚ್ಚುತ್ತದೆ.

ಇಲ್ಲೊಂದು ಲೆಕ್ಕ ತಪ್ಪುವವರು ಬಹಳ. ರೈವಿಂಗ್ ನೈಫಿನ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುತ್ತಾರೆ. ನೀವು ಹಾಕುವ ಬ್ಲೇಡಿನ ಹಲ್ಲಿನ ಅಗಲ ಆ ದಪ್ಪಕ್ಕಿಂತ ಹೆಚ್ಚಿರಬೇಕು, ಬ್ಲೇಡಿನ ತಗಡಿನ ದಪ್ಪ ಅದಕ್ಕಿಂತ ಕಡಿಮೆ ಇರಬೇಕು. ನೈಫ್ 2.3 ಮಿ.ಮೀ. ಇದ್ದು ನೀವು 2.2 ಮಿ.ಮೀ. ಹಲ್ಲಿನ ತೆಳು ಬ್ಲೇಡ್ ತಂದಿರೋ, ಹಲಗೆ ಅರ್ಧ ದಾರಿಯಲ್ಲಿ ನೈಫಿಗೆ ಸಿಕ್ಕಿ ನಿಲ್ಲುತ್ತದೆ. ಆಮೇಲೆ ಬಹುತೇಕ ಜನ ಮಾಡುವುದು ಒಂದೇ: ನೈಫ್ ಕಿತ್ತು ಮೂಲೆಗೆ ಎಸೆಯುವುದು. ಬದಲಿಸಬೇಕಿದ್ದದ್ದು ಬ್ಲೇಡು.

ಬ್ಲೇಡ್ ಕೊಳ್ಳುವಾಗ ನಡುತೂತನ್ನೂ ನೋಡಿ. ಅದು ನಿಮ್ಮ ಯಂತ್ರದ ಕೈಪಿಡಿಯಲ್ಲಿ ಹೇಳಿದ ಅಳತೆಯದೇ ಆಗಿರಬೇಕು. ಮಾರುಕಟ್ಟೆಯಲ್ಲಿ 25.4 ಮಿ.ಮೀ. ತೂತಿನ ಬ್ಲೇಡುಗಳು ರಾಶಿ ಬಿದ್ದಿವೆ. 30 ಮಿ.ಮೀ. ತೂತು ಬೇಕಾದ ಯಂತ್ರಕ್ಕೆ ಅವು ಕೂರುವುದಿಲ್ಲ, ತೂತು ಕೊರೆಸಿ ದೊಡ್ಡದು ಮಾಡುವ ಉಸಾಬರಿಗೂ ಹೋಗಬೇಡಿ, ನಡುಬಿಂದು ತಪ್ಪಿದರೆ ಬ್ಲೇಡ್ ನಡುಗುತ್ತದೆ. ಹಲ್ಲುಗಳ ಮಟ್ಟಿಗೆ ಎರಡು ಟಿಸಿಟಿ (ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ) ಬ್ಲೇಡ್ ಸಾಕು: ಉದ್ದಕ್ಕೆ ಸೀಳಲು 24 ಹಲ್ಲು, ಅಡ್ಡ ಕೊಯ್ಯಲು ಮತ್ತು ಪ್ಲೈಗೆ 60 ಹಲ್ಲು. 60 ಹಲ್ಲಿನದರಲ್ಲಿ ದಪ್ಪ ಮರ ಸೀಳಿದರೆ ಹೊಟ್ಟು ಹೊರಹೋಗಲು ಜಾಗ ಸಾಲದೆ ಬ್ಲೇಡ್ ಕಾಯುತ್ತದೆ, ಮರ ಸುಡುತ್ತದೆ, ಬೈಗುಳ ಮೋಟಾರಿಗೆ ಬೀಳುತ್ತದೆ. ತೇಗದಲ್ಲಿ ಸಿಲಿಕಾ ಅಂಶ ಇರುವುದರಿಂದ ಅದು ಬೇರೆ ಮರಕ್ಕಿಂತ ಬೇಗ ಹಲ್ಲು ಮೊಂಡು ಮಾಡುತ್ತದೆ, ಸಾಣೆಯ ಖರ್ಚು ಲೆಕ್ಕದಲ್ಲಿರಲಿ.

ಅಮೆರಿಕದ ವಿಡಿಯೊ ನೋಡಿ ಕಲಿಯುತ್ತಿರುವವರಿಗೆ ಎರಡು ಎಚ್ಚರಿಕೆ. ಅಲ್ಲಿನವರು ಡ್ಯಾಡೊ ಬ್ಲೇಡುಗಳ ಕಂತೆ ಹಾಕಿ ಒಂದೇ ಏಟಿಗೆ ಅಗಲ ಗಾಡಿ ಹೊಡೆಯುತ್ತಾರೆ. ನಮ್ಮಲ್ಲಿ ಸಿಗುವುದು ಯುರೋಪಿನ ಮಾದರಿ, ಬ್ಲೇಡ್ ಕೂರುವ ಶಾಫ್ಟ್ ಗಿಡ್ಡ, ಆ ಕಂತೆ ಹಿಡಿಸುವುದಿಲ್ಲ. ಒಂದೇ ಬ್ಲೇಡಿನಲ್ಲಿ ಹಲವು ಸಲ ಎಳೆಯಬೇಕು, ಇಲ್ಲವೇ ರೌಟರ್ (ಮರದಲ್ಲಿ ಗಾಡಿ ಕೊರೆಯುವ ಕೈಯಂತ್ರ) ಬಳಸಬೇಕು. ಎರಡನೆಯದು, ಅಲ್ಲಿಂದ ಬರುವ ನೆಂಟರ ಕೈಲಿ ಯಂತ್ರ ತರಿಸುವ ಆಸೆ. ಅದು 120 ವೋಲ್ಟಿನದು. 1800 ವ್ಯಾಟಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಅಂದರೆ ಕನಿಷ್ಠ 3 ಕೆವಿಎ, ಅದೇ ಒಂದು ಅಕ್ಕಿಮೂಟೆಯಷ್ಟು ಭಾರ. ಬ್ಲೇಡಿನ ತೂತೂ ಬೇರೆ, ಇಂಚಿನ ಎಂಟರಲ್ಲಿ ಐದು ಭಾಗ. ಅಂಥ ಬ್ಲೇಡನ್ನು ಇಲ್ಲಿ ಹುಡುಕಿ ಹುಡುಕಿ ಸುಸ್ತಾಗುತ್ತದೆ.

ವಿಡಿಯೊಗಳಲ್ಲಿ ಸಾಸೇಜ್ ತಾಗಿಸಿ ತೋರಿಸುವ ಸಾಸ್ಟಾಪ್ ಬೇರೆಯದೇ ಕಥೆ. ಚರ್ಮ ತಾಗಿದ್ದು ಗೊತ್ತಾದೊಡನೆ ಸ್ಪ್ರಿಂಗ್ ಬಿಚ್ಚಿ ಅಲ್ಯೂಮಿನಿಯಂ ಅಚ್ಚು ಬ್ಲೇಡಿಗೆ ನುಗ್ಗುತ್ತದೆ, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡ್ ನಿಲ್ಲುತ್ತದೆ. ಮೇಲೆ ಹೆಸರಿಸಿದ ಯಾವ ಮಾದರಿಯಲ್ಲೂ ಅದಿಲ್ಲ. ಇವುಗಳಲ್ಲಿ ಬೆರಳು ಕಾಯುವುದು ಬ್ಲೇಡಿನ ಮೇಲಿನ ಗಾರ್ಡ್ ಮತ್ತು ಪುಶ್ ಸ್ಟಿಕ್. ಫೆನ್ಸಿಗೂ ಬ್ಲೇಡಿಗೂ ನಡುವೆ 15 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೈ ಹೋಗಕೂಡದು, ಕೋಲು ಹೋಗಬೇಕು. 12 ಮಿ.ಮೀ. ಪ್ಲೈನಲ್ಲಿ ಅಡಿ ಉದ್ದದ ನಾಲ್ಕೈದು ಕೋಲು ಮಾಡಿಟ್ಟುಕೊಳ್ಳಿ, ಅವು ಕೊಯ್ಯಿಸಿಕೊಳ್ಳಲೆಂದೇ ಇರುವುದು. ಗ್ಲೌಸ್ ಬೇಡ. ಕೊರಳ ಟವೆಲ್, ಸಡಿಲ ತೋಳು, ಮುಂಗೈಗೆ ಕಟ್ಟಿದ ದಾರ, ಯಾವುದೂ ಬೇಡ.

ಸ್ವಿಚ್ಚಿಗೆ ಬರೋಣ. ನಮ್ಮೂರುಗಳಲ್ಲಿ ಕರೆಂಟ್ ಹೋಗುವುದು, ಬರುವುದು ಹೇಳಿ ಕೇಳಿ ಆಗುವುದಲ್ಲ. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು, ನೀವು ಸಿಕ್ಕಿಕೊಂಡ ಹಲಗೆ ಬಿಡಿಸಲು ಕೈ ಹಾಕಿದಿರಿ, ಆಗಲೇ ಕರೆಂಟ್ ಬಂತು. ನೋ-ವೋಲ್ಟ್ ಸ್ವಿಚ್ ಇದ್ದರೆ ಯಂತ್ರ ಸುಮ್ಮನೇ ಇರುತ್ತದೆ, ಮತ್ತೆ ಹಸಿರು ಗುಂಡಿ ಒತ್ತಿದರಷ್ಟೇ ಎದ್ದೇಳುತ್ತದೆ. ಪರೀಕ್ಷೆ ಸುಲಭ: ಯಂತ್ರ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಂತ ಮೇಲೆ ದೂರ ನಿಂತು ಆನ್ ಮಾಡಿ. ತಾನಾಗಿ ತಿರುಗಿದರೆ ಆ ಯಂತ್ರ ಬೇಡ.

ಇದೇ ಕಾರಣಕ್ಕೆ, ಪ್ಲೈ ತುಂಡಿನ ಕೆಳಗೆ ಕೈ ಕಟರನ್ನು ಉಲ್ಟಾ ಬೋಲ್ಟ್ ಮಾಡಿ ಟೇಬಲ್ ಸಾ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸೈಟುಗಳಲ್ಲಿ ದಿನಾ ನಡೆಯುತ್ತದೆ, ಗೊತ್ತು. ಅದರಲ್ಲೂ 4 ಇಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕುತ್ತಾರೆ, ಅದು ನಿಮಿಷಕ್ಕೆ 12–13 ಸಾವಿರ ಸುತ್ತು ತಿರುಗುತ್ತದೆ. ನೈಫ್ ಇಲ್ಲ, ಗಾರ್ಡ್ ಇಲ್ಲ, ಸ್ವಿಚ್ಚನ್ನು ಒತ್ತಿ ಲಾಕ್ ಮಾಡಿರುತ್ತಾರೆ, ಅವಸರಕ್ಕೆ ಆರಿಸಬೇಕೆಂದರೆ ಮೇಜಿನ ಕೆಳಗೆ ತಡಕಬೇಕು. ಇಪ್ಪತ್ತು ವರ್ಷ ಕೈ ಪಳಗಿದ ಆಚಾರಿಗಳು ನಿಭಾಯಿಸುತ್ತಾರೆ. ಭಾನುವಾರ ಮಾತ್ರ ಮರ ಮುಟ್ಟುವವರಿಗೆ ಅದಲ್ಲ.

ಸ್ಥಳೀಯವಾಗಿ ವೆಲ್ಡ್ ಮಾಡಿಕೊಡುವ, ವಿ-ಬೆಲ್ಟಿನ ಟೇಬಲುಗಳನ್ನು ಮಾತ್ರ ಒಂದೇ ಮಾತಿಗೆ ತಳ್ಳಿಹಾಕುವುದಿಲ್ಲ. ಇಂಡಕ್ಷನ್ ಮೋಟಾರ್ ಆದ್ದರಿಂದ ಸದ್ದು ಕಡಿಮೆ, ಆಯುಷ್ಯ ಹೆಚ್ಚು, ಭಾರಕ್ಕೆ ಅಲುಗುವುದಿಲ್ಲ. 2880 ಸುತ್ತಿನ ಮೋಟಾರಿಗೆ ಒಂದೂವರೆ ಪಟ್ಟು ಪುಲ್ಲಿ ಹಾಕಿದರೆ ಬ್ಲೇಡಿಗೆ 4300 ಸಿಗುತ್ತದೆ. ತಕರಾರು ಇರುವುದು ಫೆನ್ಸ್ ಅನ್ನುವ ಹೆಸರಿನಲ್ಲಿ ಕೊಡುವ ಆಂಗಲ್ ಕಬ್ಬಿಣದ ತುಂಡಿನ ಬಗ್ಗೆ, ಇಲ್ಲದ ರೈವಿಂಗ್ ನೈಫಿನ ಬಗ್ಗೆ. ವೋಲ್ಟೇಜ್ 180ಕ್ಕೆ ಇಳಿಯುವ ಹಳ್ಳಿಯಲ್ಲಿ ಇಂಡಕ್ಷನ್ ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಅದೂ ನೆನಪಿರಲಿ.

ವೈರಿಂಗ್ ವಿಷಯಕ್ಕೆ ಬಂದರೆ, 1800 ವ್ಯಾಟ್ ಅಂದರೆ 230 ವೋಲ್ಟಿಗೆ ಸುಮಾರು 8 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ಟಿಗಲ್ಲ, ಗೀಸರಿನ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಎಕ್ಸ್‌ಟೆನ್ಷನ್ ಬೇಕಿದ್ದರೆ 2.5 ಚ.ಮಿ.ಮೀ. ತಾಮ್ರದ ವೈರ್, ಸುರುಳಿ ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟರೆ ಕಾಯುತ್ತದೆ. ಆನ್ ಮಾಡಿದ ಕ್ಷಣವೇ ಎಂಸಿಬಿ ಬೀಳುತ್ತಿದ್ದರೆ ಅದು ಬಿ ವರ್ಗದ್ದಾಗಿರಬಹುದು, ಎಲೆಕ್ಟ್ರಿಷಿಯನ್ ಹತ್ತಿರ ಸಿ ವರ್ಗದ್ದರ ಬಗ್ಗೆ ಕೇಳಿ. ಇನ್ವರ್ಟರ್ ಲೈನಿನ ಹತ್ತಿರಕ್ಕೂ ಒಯ್ಯಬೇಡಿ.

ಜಾಗದ ಲೆಕ್ಕ: 8 ಅಡಿ ಹಲಗೆ ಸೀಳಲು ಮುಂದೆ 8, ಹಿಂದೆ 8, ನಡುವೆ ಯಂತ್ರ, ಅಂದರೆ 18 ಅಡಿ. 30×40 ಸೈಟಿನ ಕಾರ್ ಪಾರ್ಕಿಂಗಿನಲ್ಲಿ ಗೇಟ್ ತೆರೆದರೆ ಆಗುತ್ತದೆ. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಆಗುವುದಿಲ್ಲ, ಸದ್ದಿಗಂತೂ ಕೆಳಗಿನ ಮನೆಯವರು ಬಿಡುವುದಿಲ್ಲ.

ತಂದ ಮೇಲೆ ಮೊದಲ ದಿನ ಮರ ಕೊಯ್ಯಬೇಡಿ. ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ. ಮೈಟರ್ ಗೇಜ್ (ಅಡ್ಡ ಕೊಯ್ಯುವಾಗ ಹಲಗೆ ಆನಿಸಿ ನೂಕುವ ಸಾಧನ) ಓಡುವ, ಮೇಜಿನ ಮೇಲಿನ ಗಾಡಿಯಿಂದ ಆ ಹಲ್ಲಿಗೆ ಮುಂದೆ ಎಷ್ಟು ಅಂತ ಕಾಂಬಿನೇಷನ್ ಸ್ಕ್ವೇರಿನಿಂದ (ಸ್ಕೇಲ್ ಜಾರಿಸಿ ಲಾಕ್ ಮಾಡುವ ಮೂಲೆಮಟ್ಟ) ಹಿಡಿದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ನೋಡಿ. ಬೇರೆ ಹಲ್ಲು ಹಿಡಿದರೆ ಹಲ್ಲು ಹಲ್ಲಿನ ವ್ಯತ್ಯಾಸವೂ ಸೇರಿ ಲೆಕ್ಕ ಕೆಡುತ್ತದೆ. 0.1 ಮಿ.ಮೀ. ಒಳಗಿದ್ದರೆ ಬಿಡಿ. ಹೆಚ್ಚಿದ್ದರೆ ಮೋಟಾರ್ ತೂಗುವ ಚೌಕಟ್ಟಿನ ಬೋಲ್ಟ್ ಸಡಿಲಿಸಿ ಸರಿಸಬೇಕು, ಯಾವ ಬೋಲ್ಟ್ ಎಂದು ಕೈಪಿಡಿಯಲ್ಲಿರುತ್ತದೆ. ಆಮೇಲೆ ಫೆನ್ಸನ್ನು ಅದೇ ಗಾಡಿಗೆ ಹೊಂದಿಸಿ. ಹಿಂತುದಿ ಕೂದಲೆಳೆಯಷ್ಟು ದೂರ ಇದ್ದರೆ ತೊಂದರೆಯಿಲ್ಲ, ಹತ್ತಿರ ಮಾತ್ರ ಇರಕೂಡದು.

90 ಡಿಗ್ರಿಗೆ ಯಂತ್ರದ ಮುಳ್ಳನ್ನು ನಂಬಬೇಡಿ. ಎರಡಿಂಚು ದಪ್ಪದ ತುಂಡನ್ನು ನಿಲ್ಲಿಸಿ ಅಡ್ಡ ಕೊಯ್ದು, ಒಂದು ಹೋಳನ್ನು ಮಗುಚಿ ಮತ್ತೊಂದಕ್ಕೆ ಕೂಡಿಸಿ ಬೆಳಕಿಗೆ ಹಿಡಿಯಿರಿ. ಸಂದು ಕಂಡರೆ ನಿಜವಾದ ತಪ್ಪು ಅದರ ಅರ್ಧ. ಬ್ಲೇಡ್ ವಾಲಿಸಿ ವಾಪಸ್ ತಂದ ಮೇಲೆ 89.5ಕ್ಕೆ ನಿಲ್ಲುತ್ತಿದ್ದರೆ ಬಹುತೇಕ ಸಲ ಸ್ಟಾಪ್ ಬೋಲ್ಟಿನ ತುದಿಗೆ ಹೊಟ್ಟು ಮೆತ್ತಿಕೊಂಡಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಸಾಕು.

ಈ ಸಣ್ಣ ಯಂತ್ರಗಳ ಮೇಜು ಅಲ್ಯೂಮಿನಿಯಂ, ಮಲೆನಾಡಿನ ಮಳೆಗೂ ಮಂಗಳೂರಿನ ಉಪ್ಪುಗಾಳಿಗೂ ತುಕ್ಕು ಹಿಡಿಯುವುದಿಲ್ಲ. ಬೀಡು ಕಬ್ಬಿಣದ ಮೇಜಿನ ಯಂತ್ರ ತಂದಿರಾದರೆ ಜೂನ್‌ಗೆ ಮೊದಲೇ ಮೇಣ ಉಜ್ಜಿಡಿ. ಅಲ್ಯೂಮಿನಿಯಂ ಮೇಜಿಗೂ ಮೇಣ ಹಚ್ಚಿದರೆ ಹಲಗೆ ಜಾರುತ್ತದೆ, ನೂಕುವ ಬಲ ಕಡಿಮೆ ಸಾಕು.

ಕೊನೆಯದಾಗಿ, ಮೊದಲು ಹೆಸರಿಸಿದ ನಾಲ್ಕೂ ಯಂತ್ರಗಳದು ಕಾರ್ಬನ್ ಬ್ರಷ್ಷಿನ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡಿನ) ಮೋಟಾರುಗಳು. ಯಂತ್ರ ಒಮ್ಮೆ ಹೊರಟು ಒಮ್ಮೆ ಹೊರಡದೆ ತಕರಾರು ಮಾಡಿದರೆ, ಒಳಗೆ ನೀಲಿ ಕಿಡಿ ಹೆಚ್ಚಾದರೆ, ಮೊದಲು ಬ್ರಷ್ ನೋಡಿ. ಬಿಲ್ ಮಾಡಿಸುವಾಗಲೇ ಅದೇ ಮಾದರಿಯ ಬ್ರಷ್ ಒಂದು ಜೊತೆ ಕೇಳಿ. "ಅದು ಆರ್ಡರ್ ಹಾಕಬೇಕು ಸಾರ್, ಯಾವಾಗ ಬರುತ್ತೋ ಗೊತ್ತಿಲ್ಲ" ಅಂದರೆ, ಪಕ್ಕದ ಅಂಗಡಿಯಲ್ಲಿ ವಿಚಾರಿಸಿ.