ಒಣಗಿದ ಮೇಲೆ ಸರಿಹೋಗುತ್ತೆ

ಪೇಂಟರ್ ಶೇಡ್ ಕಾರ್ಡನ್ನು ಊಟದ ಮೇಜಿನ ಮೇಲಿಟ್ಟು ಹೋಗಿ ಇವತ್ತಿಗೆ ಒಂಬತ್ತು ದಿನ. ಅದರ ಮೇಲೆ ಸಾರಿನ ಒಂದು ತೊಟ್ಟು ಬಿದ್ದು ಒಣಗಿದೆ. ನಗಬೇಡಿ, ಇಡೀ ಕಾರ್ಡಿನಲ್ಲಿ ನನಗೆ ಹಿಡಿಸಿರುವುದು ಆ ತೊಟ್ಟಿನ ಬಣ್ಣ ಒಂದೇ.

ತಾನೇ ಆರಿಸಿಕೊಡುತ್ತೇನೆಂದು ಮಗಳು ಬೆಂಗಳೂರಿನಲ್ಲಿ ಕೂತು ನಮ್ಮ ಮೈಸೂರಿನ ಮನೆಯ ಹಾಲ್‌ನ ಗೋಡೆಗೆಂದು ದಿನಕ್ಕೆ ಹತ್ತು ಚಿತ್ರ ಕಳಿಸುತ್ತಾಳೆ. ಖರ್ಚಿನಲ್ಲಿ ಅರ್ಧ ಅವಳದು, ಹಾಗಾಗಿ ಪೂರ್ತಿ ಕೇಳಿಸಿಕೊಳ್ಳಬೇಕು. ಮೊನ್ನೆ ಫೋನು ಮಾಡಿ, "ಅಮ್ಮಾ, ಹಾಲ್‌ಗೆ ಗ್ರೇಜ್ ಮಾಡ್ಸೋಣ" ಅಂದಳು.

"ಏನು ಮಾಡ್ಸೋಣ?"

"ಗ್ರೇಜ್. ಗ್ರೇ ಮತ್ತೆ ಬೇಜ್ ಸೇರಿದ್ರೆ ಗ್ರೇಜ್."

ಚಿತ್ರ ಬಂತು. ನೆಲ ಒರೆಸಿದ ಬಟ್ಟೆಯನ್ನು ಮೂರನೇ ಸಲ ಹಿಂಡಿದಾಗ ಬಕೆಟ್ಟಿನಲ್ಲಿ ಉಳಿಯುತ್ತದಲ್ಲ, ಅದೇ. ಆ ನೀರನ್ನು ಮೂವತ್ತೆಂಟು ವರ್ಷದಿಂದ ಬಚ್ಚಲಿಗೆ ಚೆಲ್ಲುತ್ತಿದ್ದೇನೆ. ಈಗ ದುಡ್ಡು ಕೊಟ್ಟು ಗೋಡೆಗೆ ಬಳಿಸಬೇಕಂತೆ.

ಈ ಚಿತ್ರಗಳಲ್ಲಿರುವ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವ ಮನೆಯಲ್ಲೂ ಜನರಿಲ್ಲ. ಸೋಫಾ ಇದೆ, ಕೂತವರಿಲ್ಲ. ಮೂರು ಪುಸ್ತಕ ಇವೆ, ಬೆನ್ನಿನ ಬಣ್ಣ ಹೊಂದುತ್ತದೆಂದು ಇಟ್ಟದ್ದು. ಟೀವಿಯ ವೈರಿಲ್ಲ, ಮಿಣಮಿಣ ಅನ್ನುವ ಮೋಡೆಮ್ ಇಲ್ಲ, ಸೊಳ್ಳೆ ಬ್ಯಾಟಿಲ್ಲ, ಕುರ್ಚಿಯ ಮೇಲೆ ಒಣಹಾಕಿದ ಟವೆಲ್ಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲು ತುಂಬ ನಿಂಬೆಹಣ್ಣು ಮಾತ್ರ ಇದ್ದೇ ಇರುತ್ತದೆ. ಅದನ್ನು ನೋಡಿದರೆ ನನಗೆ ಮೈಯುರಿಯುತ್ತದೆ. ಹನ್ನೆರಡು ನಿಂಬೆಹಣ್ಣು ಸುಮ್ಮನೆ ನೋಡುವುದಕ್ಕೆ! ಉಪ್ಪಿನಕಾಯಿಯಾದರೂ ಹಾಕಬಾರದೇ? ಇನ್ನು ಗೋಡೆಗೆ ಒಂದೇ ಒಂದು ಮೊಳೆಯಿಲ್ಲ. ಒಂಟಿಕೊಪ್ಪಲ್ ಪಂಚಾಂಗಕ್ಕೆ ದಾರ ಕಟ್ಟಿ ಇವರು ಎಲ್ಲಿ ತೂಗುಹಾಕುತ್ತಾರೆ? ಏಕಾದಶಿ ಯಾವತ್ತು ಎಂದು ಆ ಸೋಫಾಕ್ಕೆ ಹೇಗೆ ಗೊತ್ತಾಗುತ್ತದೆ? ನಮ್ಮ ಹಾಲಿನ ಮೊಳೆ ತೆಗೆಸಬೇಕೆಂದು ಮಗಳು ಒಂದು ಸಲ ಅಂದಳು. ಎರಡನೇ ಸಲ ಅನ್ನಲಿಲ್ಲ.

ನನಗೆ ಬಣ್ಣ ಗೊತ್ತಿಲ್ಲ ಎಂದು ಮಾತ್ರ ಯಾರೂ ಹೇಳಕೂಡದು. ಸೀರೆ ಅಂಗಡಿಯ ಜಮಖಾನೆಯ ಮೇಲೆ ಕೂತು ಬಣ್ಣ ಕಲಿತವಳು ನಾನು. ಈರುಳ್ಳಿ ಸಿಪ್ಪೆ, ಬದನೆಕಾಯಿ, ಕನಕಾಂಬರ, ಮಾವಿನ ಚಿಗುರು, ಗಿಳಿಹಸಿರು, ಇಷ್ಟು ಹೇಳಿದರೆ ಸಾಕು, ಅಂಗಡಿಯವನು ಹಿಂದೆ ತಿರುಗದೆ ಕೈಚಾಚಿ ಸರಿಯಾದ ಸೀರೆಯನ್ನೇ ಎಳೆಯುತ್ತಿದ್ದ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಟ್ಟ ನೀಲಿಗೆ ಎಂ.ಎಸ್. ಬ್ಲೂ ಎಂದೇ ಹೆಸರಾಯಿತು. ಆ ಹೆಸರು ಹೇಳಿದರೆ ಬಣ್ಣದ ಜೊತೆ ರಾಗವೂ ಕೇಳಿಸುತ್ತದೆ. ಶೇಡ್ ಕಾರ್ಡಿನ ಹೆಸರುಗಳಲ್ಲಿ ಏನು ಕೇಳಿಸುತ್ತದೆ? ಮರಳುಗಾಡು, ಮುಂಜಾನೆ, ಪಿಸುಮಾತು ಅಂತೆಲ್ಲ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಮೂರೂ ಒಂದೇ ಕೆನೆ. ಪೇಂಟರ್‌ನನ್ನು ಕೇಳಿದೆ. "ಹೆಸ್ರು ಬಿಡಿ ಅಮ್ಮ, ನಂಬರ್ ಹೇಳಿ ಸಾಕು. ಅಂಗಡೀಲಿ ಬಿಳೀ ಬೇಸ್ ಇರುತ್ತೆ, ಮಿಷಿನ್ನು ಎರಡು ಹನಿ ಬಿಡುತ್ತೆ, ಅಷ್ಟೇ" ಅಂದ. ಒಂಬತ್ತು ದಿನದಲ್ಲಿ ನಾನು ಕೇಳಿದ ಸತ್ಯವಾದ ಮಾತು ಅದೊಂದೇ.

ಬಣ್ಣದ ವಿಷಯದಲ್ಲಿ ನನ್ನದೇ ಒಂದು ಸಿದ್ಧಾಂತವಿದೆ, ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಚಿಕ್ಕಪ್ಪನ ಸುಣ್ಣದ ಕಥೆ ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತಿಪಟೂರಿನ ಹತ್ತಿರ ನಮ್ಮದು ತೊಟ್ಟಿಮನೆ. ಅತ್ತೆಯ ಮದುವೆ ಮನೆಯಲ್ಲೇ ಎಂದು ನಿಶ್ಚಯವಾಯಿತು. ಮದುವೆಗೆ ಮುಂಚೆ ಸುಣ್ಣ ಆಗಬೇಕು. ವರ್ಷವರ್ಷವೂ ಬರುತ್ತಿದ್ದ ಸುಣ್ಣದವನು ಆ ಸಲ ಕೂಲಿ ಜಾಸ್ತಿ ಕೇಳಿದ. ತಾತ ಕೊಡಲಿಲ್ಲ. ಮನೆಯಲ್ಲಿ ಚಿಕ್ಕಪ್ಪ ಇದ್ದ. ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ, ರಜಕ್ಕೆ ಬಂದಿದ್ದ. ನಾವು ಮಕ್ಕಳೂ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆವು, ಅವನ ತೂಕ ಅಷ್ಟು. "ಕೆಮಿಸ್ಟ್ರಿ ಓದ್ತಾನಂತಲ್ಲ, ಸುಣ್ಣ ಅವನೇ ಹೊಡೀಲಿ" ಎಂದು ತಾತ ತೀರ್ಪು ಕೊಟ್ಟರು.

ಚಿಕ್ಕಪ್ಪ ಇದನ್ನು ಅವಮಾನವೆಂದುಕೊಳ್ಳದೆ ಪ್ರಾಕ್ಟಿಕಲ್ ಪರೀಕ್ಷೆ ಎಂದುಕೊಂಡ. ಹಿತ್ತಿಲಲ್ಲಿ ಹಳೆ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದ. ಅದು ಕೊತಕೊತ ಕುದಿದು ಹಬೆ ಎದ್ದಾಗ, "ಎಕ್ಸೋಥರ್ಮಿಕ್! ನೋಡ್ರೋ, ಎಕ್ಸೋಥರ್ಮಿಕ್!" ಎಂದು ಕುಣಿದ. ಅಜ್ಜಿ ನಮ್ಮನ್ನೆಲ್ಲ ಕೊಟ್ಟಿಗೆಯ ಆಚೆಗೆ ಅಟ್ಟಿದಳು. ಮಾರನೆಯ ದಿನ ಹಳೆ ಪಂಚೆಯಲ್ಲಿ ಸೋಸಿದ್ದಾಯಿತು. ಆಮೇಲೆ ನೀಲಿಯ ಸರದಿ.

ಬರೀ ಸುಣ್ಣ ಸ್ವಲ್ಪ ಹಳದಿಗೆ ತಿರುಗುತ್ತದೆ. ಒಂದು ಚಿಟಿಕೆ ನೀಲಿ ಬಿದ್ದರೆ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ. ಬಿಳಿ ಪಂಚೆಗೂ ಇದೇ ಉಪಾಯ, ಗೋಡೆಗೂ ಇದೇ. ಅಜ್ಜಿಗೆ ಗೊತ್ತಿದ್ದದ್ದು ಚಿಟಿಕೆ. ಚಿಕ್ಕಪ್ಪ ಲೆಕ್ಕ ಹಾಕಿದ. ದೇವರ ಮನೆಯಲ್ಲಿ ಎಷ್ಟೋ ವರ್ಷದ ದೀಪದ ಹೊಗೆ ಇದೆ, ಹೊಗೆ ಎಂದರೆ ಹಳದಿ, ಆದ್ದರಿಂದ ಅಷ್ಟು ಹಳದಿಗೆ ಇಷ್ಟು ನೀಲಿ. ಇಡೀ ಪೊಟ್ಟಣ ಸುರಿದ. ಶುಭವೆಂದು ಮೊದಲು ದೇವರ ಮನೆಗೇ ಬಳಿದ.

ಅಜ್ಜಿ ಬಾಗಿಲಲ್ಲಿ ನಿಂತು, "ಏನೋ ಇದು, ಗೋಡೆಗೆ ಕೃಷ್ಣನ ಮೈಬಣ್ಣ ಬಂತಲ್ಲೋ" ಅಂದಳು.

"ಒಣಗಿದ ಮೇಲೆ ಸರಿಹೋಗುತ್ತೆ ಬಿಡಮ್ಮ."

ಒಣಗಿತು. ಒಂದು ಮಟ್ಟಿಗೆ ಸರಿಯೂ ಹೋಯಿತು. ಕೃಷ್ಣ ಹೋಗಿ ಆಕಾಶ ಬಂದಿತ್ತು. ಒಂದು ಕೋಣೆ ನೀಲಿಯಾದ ಮೇಲೆ ಉಳಿದದ್ದು ಬಿಳಿಯಾದರೆ ತಪ್ಪು ಎದ್ದು ಕಾಣುತ್ತದೆಂದು ಚಿಕ್ಕಪ್ಪ ಮನೆಗೆಲ್ಲ ಅದೇ ನೀಲಿ ಎಂದು ಘೋಷಿಸಿದ. ಇಲ್ಲೇ ಬಿ.ಎಸ್ಸಿ. ಕೈಕೊಟ್ಟಿತು. ಪ್ರತಿ ಬಕೆಟ್ ಕಲಸುವಾಗಲೂ ಬಕೆಟ್ಟಿನ ಹಸಿ ಬಣ್ಣವನ್ನು ಹಿಂದಿನ ಕೋಣೆಯ ಒಣಗಿದ ಗೋಡೆಗೆ ಹೋಲಿಸಿದ. ಹಸಿಯಲ್ಲಿ ಗಾಢ, ಒಣಗಿದರೆ ತಿಳಿ, ಅದು ಸುಣ್ಣದ ಗುಣ. ಹೀಗಾಗಿ ಪ್ರತಿ ಕೋಣೆಯೂ ಹಿಂದಿನದಕ್ಕಿಂತ ಒಂದು ಪಟ್ಟು ತೆಳುವಾಗುತ್ತ ಹೋಯಿತು. ದೇವರ ಮನೆಯಲ್ಲಿ ಆಕಾಶ, ಉಗ್ರಾಣದಲ್ಲಿ ನವಿಲಿನ ನೆರಳು, ನಡುಮನೆಯಲ್ಲಿ ಹಳೆ ಸ್ಕೂಲ್ ಯೂನಿಫಾರಮ್ಮು, ಹಜಾರದಲ್ಲಿ ನೀರುಮಜ್ಜಿಗೆ. ಬಚ್ಚಲುಮನೆಗೆ ಬರುವಷ್ಟರಲ್ಲಿ ಅಚ್ಚ ಬಿಳಿ. ಅಜ್ಜಿ ಮೊದಲಿಂದ ಕೇಳಿದ್ದ ಬಣ್ಣ ಮನೆಯಲ್ಲಿ ಬಚ್ಚಲಿಗೊಂದೇ ಸಿಕ್ಕಿತು.

ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದ ಮೇಲೆ ಒಂದು ಥರ ಚೆಂದವೇ ಕಂಡಿತೆನ್ನಿ. ಬಾಗಿಲಿಗೆ ಹಸಿರು ಪೇಂಟು. ಆ ಡಬ್ಬಿಯ ಮೇಲೆ ಕುಂಚ ಹಿಡಿದ, ಹಣೆಯ ಮೇಲೆ ಕೂದಲು ಬಿದ್ದ ಗಟ್ಟು ಎಂಬ ಹುಡುಗ. 1954ರಲ್ಲಿ ನಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರ ಅದು ಎಂದು ಆಗ ನಮಗೇನು ಗೊತ್ತು? ಅದು ಚಿಕ್ಕಪ್ಪನದೇ ಚಿತ್ರ ಎಂದು ನಾವು ನಂಬಿದ್ದೆವು. ಅವನೂ ಅಲ್ಲವೆನ್ನಲಿಲ್ಲ.

ಸುಣ್ಣಕ್ಕೆ ಗೋಂದು ಸೇರಿಸುವುದನ್ನು ಮರೆತಿದ್ದ ಎಂಬುದು ಮದುವೆಯ ದಿನ ಗೊತ್ತಾಯಿತು. ಬೀಗರ ಕಡೆಯ ಹಿರಿಯರೊಬ್ಬರು, ಗಂಡಿನ ಸೋದರಮಾವ, ಬಿಳಿ ಜುಬ್ಬ ಹಾಕಿಕೊಂಡು ನಡುಮನೆಯ ಗೋಡೆಗೆ ಒರಗಿ ಕೂತು ಎರಡು ಗಂಟೆ ಎಲೆಅಡಿಕೆ ಹಾಕಿದರು. ಎದ್ದಾಗ ಅವರ ಬೆನ್ನ ಮೇಲೆ ಭಾರತದ ಭೂಪಟ ನೀಲಿಯಲ್ಲಿ ಅಚ್ಚಾಗಿತ್ತು, ಕನ್ಯಾಕುಮಾರಿ ಸೊಂಟದ ಹತ್ತಿರ. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಂಜೆಯ ಹೊತ್ತಿಗೆ ಯಾರು ಯಾವ ಕೋಣೆಯಲ್ಲಿ ಕೂತಿದ್ದರೆಂದು ಬೆನ್ನು ನೋಡಿಯೇ ಹೇಳಬಹುದಿತ್ತು. ನೀರುಮಜ್ಜಿಗೆ ಬೆನ್ನಿನವರು ಹಜಾರದವರು, ದೂರದ ನೆಂಟರು. ಆಕಾಶದ ಬೆನ್ನು ಪುರೋಹಿತರದು. ಚಿರೋಟಿ ಎಣಿಕೆಗೆ ಯಾಕೆ ಕಡಿಮೆ ಬಂತು ಎಂದು ಅಡುಗೆಯವರು ಗಲಾಟೆ ಮಾಡುತ್ತಿದ್ದಾಗ ಅಮ್ಮ ನಮ್ಮಣ್ಣನನ್ನು ಮೆಲ್ಲಗೆ ಹಿಂದೆ ತಿರುಗಿಸಿದಳು. ಉಗ್ರಾಣದ ನೀಲಿ.

ಅತ್ತೆಯನ್ನು ಗಂಡನ ಮನೆಯಲ್ಲಿ ಬಹಳ ಕಾಲ "ನೀಲಿ ಮನೆಯವಳು" ಎಂದೇ ಕರೆದರು. ಮದುವೆಯ ಫೋಟೋಗಳೆಲ್ಲ ಕಪ್ಪು ಬಿಳುಪು, ಸಾಕ್ಷಿ ಏನೂ ಉಳಿದಿಲ್ಲ. ಅದರ ಲಾಭ ಪಡೆದು ಚಿಕ್ಕಪ್ಪ ಇವತ್ತಿಗೂ, "ಅದು ಬಿಳೀನೇ ಕಣೇ, ನಿಮ್ಮ ಕಣ್ಣಲ್ಲಿ ಐಬು" ಅನ್ನುತ್ತಾನೆ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಮಗಳು ಮೊನ್ನೆ ಇನ್ನೊಂದು ವಿಷಯ ಕಳಿಸಿದಳು. ಅಮೆರಿಕದಲ್ಲಿ ಪ್ಯಾಂಟೋನ್ ಅಂತ ಒಂದು ಸಂಸ್ಥೆ ಇದೆ, ವರ್ಷಕ್ಕೊಂದು ಬಣ್ಣವನ್ನು "ವರ್ಷದ ಬಣ್ಣ" ಎಂದು ಸಾರುತ್ತದೆ. ನಮ್ಮಲ್ಲಿ ಯುಗಾದಿಗೆ ಸಂವತ್ಸರ ಫಲ ಓದುವುದಿಲ್ಲವೇ, ಹಾಗೆ. 2024ಕ್ಕೆ ಪೀಚ್ ಹಣ್ಣಿನ ತುಪ್ಪಳದ ಬಣ್ಣ. 2025ಕ್ಕೆ ಮೋಕಾ ಮೂಸ್ ಅಂತ ಒಂದು ಕಂದು, ಡಿಕಾಕ್ಷನ್ ಕಡಿಮೆಯಾದ ಕಾಫಿ. 2026ಕ್ಕೆ ಕ್ಲೌಡ್ ಡ್ಯಾನ್ಸರ್. ಏನಪ್ಪಾ ಈ ಕುಣಿಯುವ ಮೋಡ ಎಂದು ನೋಡಿದರೆ, ಬಿಳಿ! ಈ ಪದ್ಧತಿಯಲ್ಲಿ ಮೊಟ್ಟಮೊದಲು, 2000ಕ್ಕೆ, ಅವರು ಆರಿಸಿದ್ದು ಸೆರೂಲಿಯನ್. ಅಂದರೆ ಆಕಾಶನೀಲಿ. ದೇವರ ಮನೆಯಿಂದ ಬಚ್ಚಲುಮನೆಗೆ ನಮ್ಮ ಚಿಕ್ಕಪ್ಪ ಮೂರೇ ದಿನದಲ್ಲಿ ತಲುಪಿದ್ದ. ಇವರಿಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ನಿನ್ನೆ ಬಂದ ಚಿತ್ರದಲ್ಲಿ ಗೋಡೆ ಒಂದೊಂದು ಕಡೆ ಒಂದೊಂದು ಥರ, ಮೋಡ ಮೋಡ, ಕುಂಚ ಆಡಿದ ಗುರುತೂ ಕಾಣುತ್ತದೆ. "ಇದು ಲೈಮ್‌ವಾಶ್ ಫಿನಿಶ್ ಅಮ್ಮಾ, ಈಗ ಎಲ್ಲ ಕಡೆ ಇದೇ" ಅಂದಳು. ಲೈಮ್‌ವಾಶ್ ಅಂದರೆ ಅದೇ ಸುಣ್ಣ! ಚದರಡಿಗೆ ಎಷ್ಟೆಂದು ಕೇಳಿದಾಗ ನನ್ನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಪೇಪರ್ ಹಿಡಿದರು. ಅವರು ಅಷ್ಟು ಮಾಡಿದರೆ ಬೇರೆಯವರು ಕಿರುಚಿದ ಹಾಗೆ. ನನಗೆ ಸಿಟ್ಟು ಬಂದದ್ದು ದರಕ್ಕಲ್ಲ. ಆ ಸುಣ್ಣದವನು ಜಾಸ್ತಿ ಕೇಳಿದ್ದು ದಿನಕ್ಕೆ ಒಂದೋ ಎರಡೋ ರೂಪಾಯಿ. ಅಷ್ಟು ಕೊಟ್ಟಿದ್ದರೆ ಎಲ್ಲ ಗೋಡೆಯೂ ಒಂದೇ ಸಮನೆ, ಒಂದು ಕಲೆಯಿಲ್ಲದೆ ಬಳಿದು ಹೋಗುತ್ತಿದ್ದ. ಹಾಗೆ ಬಳಿಯುವ ಕೈಗಳಿಗೆ ಕೆಲಸವಿಲ್ಲದಂತಾದ ಮೇಲೆ, ಈಗ ಕಲೆಕಲೆಯಾಗಿ ಬಳಿಯುವುದಕ್ಕೆ ತರಬೇತಿ ಕೊಡುತ್ತಾರಂತೆ.

ಚಿಕ್ಕಪ್ಪನಿಗೆ ಫೋನು ಮಾಡಿ ಚಿತ್ರದ ವಿಷಯ ಹೇಳಿದೆ. ಎಂಬತ್ತಕ್ಕೆ ಹತ್ತಿರ, ಕಿವಿ ಅಷ್ಟಕ್ಕಷ್ಟೆ. ಪೂರ್ತಿ ಕೇಳಿಸಿಕೊಂಡು, "ಗೋಂದು ಹಾಕ್ತಾರಾ?" ಎಂದ.

ಇನ್ನು ನನ್ನ ಸಿದ್ಧಾಂತ. ಅದನ್ನು ಬರೆಯಬೇಕೆಂದು ಇವತ್ತು ಬೆಳಿಗ್ಗೆ ಕೂತೆ, ಅಷ್ಟರಲ್ಲಿ ಪೇಂಟರ್ ಬಂದ. ಕಾರ್ಡು ತೆಗೆದುಕೊಂಡು, ಸಾರಿನ ತೊಟ್ಟನ್ನು ಉಗುರಿನಿಂದ ಕೆರೆದು, "ಯಾವ್ದು ಅಮ್ಮ?" ಅಂದ. ಉತ್ತರ ಬರಲಿಲ್ಲವೆಂದು ತಾನೇ ತಂದಿದ್ದ ಮೂರು ಚಿಕ್ಕ ಡಬ್ಬಿ ತೆರೆದು ಪಂಚಾಂಗದ ಮೊಳೆಯ ಪಕ್ಕ ಅಂಗೈಯಗಲ ಮೂರು ಪಟ್ಟಿ ಬಳಿದ. ಒಂದು ಮಗಳ ಗ್ರೇಜು. ಒಂದು ನನ್ನವರ ಕ್ರೀಮು, ಅವರು ಕಳೆದ ಸಲವೂ ಅದನ್ನೇ ಹೇಳಿದ್ದರು. ಮೂರನೆಯದು ಯಾರು ಹೇಳಿದ್ದೋ ಗೊತ್ತಿಲ್ಲ, ತಿಳಿನೀಲಿ.

"ಇದೇನಪ್ಪ, ಇಷ್ಟು ಗಾಢ?"

"ಒಣಗ್ಲಿ ಅಮ್ಮ, ಆಮೇಲೆ ನೋಡಿ."

ಕುರ್ಚಿ ಎಳೆದುಕೊಂಡು ಗೋಡೆಯ ಮುಂದೆ ಕೂತಿದ್ದೇನೆ. ಒರಗಿಲ್ಲ. ಹೊರಗೆ ಮೋಡ ಮುಸುಕಿದೆ, ಬೇಗ ಒಣಗುವ ಲಕ್ಷಣವಿಲ್ಲ. ಮಗಳ ಮೆಸೇಜು ಮೂರು ಬಂದಿವೆ, ನೋಡಿಲ್ಲ.